ಹೊಸ ಕಾರಲ್ಲಿ ಸ್ಟೆಪ್ನಿನೇ ಕೊಡ್ತಿಲ್ಲ, ನಮ್ಮ ರೋಡಿಗೆ ಇದು ಸರಿನಾ?

ಮೂಡಿಗೆರೆ_ಮಳೆ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ದಯವಿಟ್ಟು ಪೂರ್ತಿ ಓದಿ. ಕಳೆದ ವರ್ಷ ಮನೆಗೆ ಇವಿ, ಅಂದ್ರೆ ಎಲೆಕ್ಟ್ರಿಕ್ ಕಾರು ತಗೊಂಡ್ವಿ. ಶೋರೂಮಲ್ಲಿ ರೇಂಜ್ ಎಷ್ಟು, ಸ್ಕ್ರೀನ್ ಎಷ್ಟು ದೊಡ್ಡದು, ಸೀಟು ಹೆಂಗೆ ತಣ್ಣಗಾಗುತ್ತೆ ಎಲ್ಲ ತೋರಿಸಿದ್ರು, ಸ್ಟೆಪ್ನಿ ಇಲ್ಲ ಅನ್ನೋದನ್ನ ಮಾತ್ರ ಯಾರೂ ಬಾಯಿ ಬಿಟ್ಟು ಹೇಳ್ಲಿಲ್ಲ. ಡೆಲಿವರಿ ತಗೊಂಡ ದಿನ ಡಿಕ್ಕಿ ಮ್ಯಾಟ್ ಎತ್ತಿ ನೋಡಿದ್ರೆ ಥರ್ಮಾಕೋಲ್ ತಟ್ಟೆ, ಅದರಲ್ಲಿ ಒಂದು ಚಿಕ್ಕ ಕಂಪ್ರೆಸರ್ರು, ಒಂದು ಬಾಟ್ಲಿ ಸೀಲೆಂಟು, ಅಂದ್ರೆ ಪಂಚರ್ ತೂತು ಮುಚ್ಚೋ ದ್ರವ. ಜಾಕಿ ಇಲ್ಲ, ವೀಲ್ ಸ್ಪ್ಯಾನರೂ ಇಲ್ಲ. ಕೇಳಿದ್ದಕ್ಕೆ "ಸರ್ ಈಗ ಎಲ್ಲಾ ಹಿಂಗೇ ಬರ್ತಿರೋದು" ಅಂದ್ರು, ನಾನೂ ಸುಮ್ಮನಾದೆ.

ಈ ಮಳೆಗಾಲದಲ್ಲಿ ಅಪ್ಪ ಅಮ್ಮನ್ನ ಕರ್ಕೊಂಡು ಧರ್ಮಸ್ಥಳಕ್ಕೆ ಹೋಗಿ ವಾಪಸ್ ಬರ್ತಿದ್ವಿ. ರಾತ್ರಿ ಎಂಟೂವರೆ, ಚಾರ್ಮಾಡಿ ಘಾಟಿ ಹತ್ತುತಾ ಇದ್ದೀವಿ, ಮಳೆ ಜೊತೆ ಮಂಜು ಬೇರೆ. ತಿರುವಲ್ಲಿ ಎದುರಿಂದ ಬಸ್ಸು ಬಂತು, ಸೈಡ್ ಕೊಡೋಣ ಅಂತ ಎಡಕ್ಕೆ ಇಳಿಸಿದೆ, ಚರಂಡಿ ಕಾಂಕ್ರೀಟಿನ ಮುರಿದ ಅಂಚು ಹಿಂದಿನ ಟೈರಿನ ಪಕ್ಕಕ್ಕೆ ಕೊರೀತು. ಟಪ್ ಅಂತ ಸದ್ದು ಬಂತು, ಡ್ಯಾಶ್‌ಬೋರ್ಡಲ್ಲಿ ಹಳದಿ ಲೈಟು, 34 ಇದ್ದ ಗಾಳಿ ನೋಡ್ತಾ ನೋಡ್ತಾ 20, 11, ಸೊನ್ನೆ. ಇಳಿದು ನೋಡಿದ್ರೆ ಸೈಡ್‌ವಾಲಲ್ಲಿ ಎರಡು ಬೆರಳಗಲ ಸೀಳು.

ಕಿಟ್ ತೆಗೆದೆ. ಅಪ್ಪ ಕೊಡೆ ಕೆಳಗೆ ನಿಂತು ಟಾರ್ಚ್ ಹಿಡಿದ್ರು. ಪುಸ್ತಕದಲ್ಲಿ ಬರೆದಿದ್ದ ಹಾಗೇ ಬಾಟ್ಲಿ ಸಿಕ್ಕಿಸಿ ಪೈಪು ವಾಲ್ವಿಗೆ ತಿರುವಿ ಕಂಪ್ರೆಸರ್ ಆನ್ ಮಾಡಿದೆ, ಅರ್ಧ ನಿಮಿಷಕ್ಕೆ ಬಿಳೀ ದ್ರವ ಹಾಲು ಉಕ್ಕಿದ ಹಾಗೆ ಆ ಸೀಳಿನಿಂದ ಆಚೆ ಬಂದು ಮಳೆ ನೀರಿನ ಜೊತೆ ರೋಡ್ ಮೇಲೆ ಹರಿದು ಹೋಯ್ತು. ಅಷ್ಟೇ, ಬಾಟ್ಲಿ ಖಾಲಿ. ಫೋನಲ್ಲಿ ಒಂದು ಕಡ್ಡಿ ಸಿಗ್ನಲ್ ಇಲ್ಲ, ರೋಡ್‌ಸೈಡ್ ಅಸಿಸ್ಟೆನ್ಸ್‌ಗೆ ಫೋನ್ ಹೆಂಗ್ ಮಾಡ್ಲಿ? ತರಕಾರಿ ಪಿಕಪ್‌ನ ಡ್ರೈವರ್ ಒಬ್ರು ನಿಲ್ಲಿಸಿ ನನ್ನನ್ನ ಕೊಟ್ಟಿಗೆಹಾರದ ತನಕ ಕರ್ಕೊಂಡು ಹೋದ್ರು, ಅಪ್ಪ ಅಮ್ಮ ಕಾರಲ್ಲೇ. ಅಪ್ಪಂದು ಬಿಪಿ ಮಾತ್ರೆ ತಗೊಳ್ಳೋ ಟೈಮ್ ಬೇರೆ. ಅಲ್ಲಿಂದ ಫೋನ್ ಮಾಡಿ, ಟೋಯಿಂಗ್ ಗಾಡಿ ಬಂದಿದ್ದು ರಾತ್ರಿ ಒಂದೂ ಮುಕ್ಕಾಲಿಗೆ. ಆ ಸೈಜ್ ಟೈರು ಚಿಕ್ಕಮಗಳೂರಲ್ಲೂ ಸ್ಟಾಕ್ ಇಲ್ಲ, ಬೆಂಗಳೂರಿಂದ ಬಸ್ಸಲ್ಲಿ ಹಾಕಿಸ್ಕೊಂಡು ಮೂರನೇ ದಿನ ಕಾರು ಮನೆಗೆ ಬಂತು. ಒಂದು ಸ್ಟೆಪ್ನಿ ಇದ್ದಿದ್ರೆ ಮಳೇಲಿ ನೆನೆದ್ರೂ ಅರ್ಧ ಗಂಟೆ ಕೆಲಸ.

ನಂದು ಇಷ್ಟೇ ಮಾತು: ಕಿಟ್ ಕೊಡ್ಲಿ, ಬೇಡ ಅನ್ನಲ್ಲ. ಆದ್ರೆ ಸ್ಟೆಪ್ನಿ ಇಡೋ ಜಾಗನೇ ಇಲ್ಲದ ಹಾಗೆ ಗಾಡಿ ಮಾಡಿ, ಅದನ್ನ ನಮಗೆ ಹೇಳ್ದೇನೂ ಮಾರೋದು ತಪ್ಪು. ಬೇಕಾ ಬೇಡ್ವಾ ಅಂತ ತೀರ್ಮಾನ ಮಾಡ್ಬೇಕಾದವನು ಗಾಡಿ ಓಡಿಸೋನು. ನೀವೇನಂತೀರಿ?

ವೈಟ್‌ಫೀಲ್ಡ್_ನಿವಾಸಿ

ಅಪ್ಪ ಅಮ್ಮನ ಜೊತೆ ಆ ರಾತ್ರಿ ಘಾಟಿಯಲ್ಲಿ, ಓದಿ ನಿಜಕ್ಕೂ ಬೇಜಾರಾಯ್ತು. ಆದ್ರೂ ನನ್ನ ಲೆಕ್ಕ ಬೇರೆ ಹೇಳುತ್ತೆ. ಹನ್ನೊಂದು ವರ್ಷದಿಂದ ಬೆಂಗಳೂರಲ್ಲೇ ಓಡಿಸ್ತಿದ್ದೀನಿ, ನಾಲ್ಕೈದು ಸಲ ಪಂಚರ್ ಆಗಿರಬಹುದು, ಎಲ್ಲಾ ಮೊಳೆನೇ. ಹೊರವರ್ತುಲ ರಸ್ತೆಯಲ್ಲಿ ಒಬ್ರು ದಿನಾ ಆಫೀಸಿಗೆ ಹೋಗೋ ದಾರೀಲಿ ಮ್ಯಾಗ್ನೆಟ್ ಕಟ್ಟಿದ ಕೋಲು ಹಿಡಿದು ಕಿಲೋಗಟ್ಟಲೆ ಮೊಳೆ ಎತ್ತಿದ್ದು ಪೇಪರಲ್ಲೆಲ್ಲಾ ಬಂದಿತ್ತು, ನೆನಪಿರಬಹುದು. ಮೊಳೆ ಚುಚ್ಚಿದ ಟ್ಯೂಬ್‌ಲೆಸ್ ಟೈರಲ್ಲಿ ಗಾಳಿ ನಿಧಾನಕ್ಕೆ ಹೋಗುತ್ತೆ, ಟೈರಿನ ಗಾಳಿ ಅಳೆಯೋ ಟಿಪಿಎಂಎಸ್ ಮೊದಲೇ ಹೇಳುತ್ತೆ, ಗಾಳಿ ತುಂಬಿಸ್ಕೊಂಡು ಹತ್ರದ ಪಂಚರ್ ಅಂಗಡಿಗೆ ಹೋದ್ರೆ ಮುಗೀತು. ಸ್ಟೆಪ್ನಿ ನಾನು ಮುಟ್ಟೇ ಇಲ್ಲ, ಹಳೇ ಕಾರು ಮಾರೋವಾಗ ಅದರ ರಬ್ಬರ್ ಮೇಲಿನ ಕೂದಲು ಕೂಡ ಹಂಗೇ ಇತ್ತು. ಸಿಟಿ ಕಾರಿಗೆ ಅದ್ಯಾಕೆ ಕಡ್ಡಾಯ ಆಗ್ಬೇಕು?

ಹಳದಿ_ಬೋರ್ಡ್

ಸಾರ್ ನೀವು ಹೇಳೋದು ಸಿಟಿ ಒಳಗೆ ಸರಿ. ನಾನು ಬಾಡಿಗೆ ಗಾಡಿ ಓಡಿಸೋನು, ತಿರುಪತಿ, ಶಬರಿಮಲೆ, ಹೊರನಾಡು ಅಂತ ವಾರಕ್ಕೆ ಎರಡು ಔಟ್‌ಸ್ಟೇಷನ್. ನಮಗೆ ಸ್ಟೆಪ್ನಿ ಇಲ್ದೆ ಗಾಡಿ ಸ್ಟಾರ್ಟೇ ಮಾಡಲ್ಲ. ಪ್ಯಾಸೆಂಜರ್‌ನ ರೋಡಲ್ಲಿ ನಿಲ್ಲಿಸಿ ಟೋಯಿಂಗ್‌ಗೆ ಕಾಯ್ರಿ ಅಂದ್ರೆ ಅವತ್ತಿನ ಬಾಡಿಗೆ ಹೋಯ್ತು, ಆ ಪಾರ್ಟಿ ಇನ್ನೊಂದ್ಸಲ ಕರೆಯಲ್ಲ.

ಆದ್ರೆ ಒಂದು ಮಾತು ಎಲ್ರಿಗೂ. ಸ್ಟೆಪ್ನಿ ಇದೆ ಅಂತ ನೆಮ್ಮದಿಯಾಗಿರೋರಲ್ಲಿ ತುಂಬಾ ಜನ ಅದಕ್ಕೆ ಗಾಳಿನೇ ಹೊಡೆಸಿರಲ್ಲ. ನಾಲ್ಕು ವೀಲಿಗೆ ಹೊಡೆಸ್ತಾರೆ, ಐದನೇದು ಲಗೇಜ್ ಕೆಳಗಿದೆ, ಯಾರು ತೆಗೀತಾರೆ ಅಂತ ಬಿಡ್ತಾರೆ. ಗಾಡಿ ಕೆಳಗೆ ನೇತಾಕಿರೋ ಸ್ಟೆಪ್ನಿ ಇನ್ನೂ ಕಷ್ಟ, ಎರ್ಟಿಗಾ, ಇನ್ನೋವಾ ಥರದ್ದು. ಕೆಸರು ನೀರು ಎರಚಿ ಎರಚಿ ಅದನ್ನ ಇಳಿಸೋ ಚೈನು ತುಕ್ಕು ಹಿಡಿದಿರುತ್ತೆ. ಮೂರು ತಿಂಗಳಿಗೊಂದ್ಸಲ ಇಳಿಸಿ ಗ್ರೀಸ್ ಹಾಕಿ ಹತ್ತಿಸಿ. ನಾನು ಟೈರ್ ರೊಟೇಷನ್ ಮಾಡಿಸೋವಾಗ ಐದೂ ಸೇರಿಸ್ತೀನಿ, ಎಲ್ಲಾ ಒಂದೇ ಸಮ ಸವೆಯುತ್ತೆ.

ಕುಡ್ಲ_ಪಯಣ

ಮೂಡಿಗೆರೆಯವರೇ, ಆ ಘಾಟಿಯಲ್ಲಿ ನೆಟ್‌ವರ್ಕ್ ಇಲ್ಲದ್ದು ನಮಗೆಲ್ಲ ಗೊತ್ತುಂಟು. ಶಿರಾಡಿಯಲ್ಲೂ ಗುಂಡ್ಯದಿಂದ ಮೇಲೆ ಕೆಲವು ಕಡೆ ಹಾಗೇ. ಮಳೆಗಾಲದಲ್ಲಿ ಈ ಕಡೆಯಿಂದ ಘಟ್ಟ ಹತ್ತುವವರು ಸ್ಟೆಪ್ನಿ ಇಲ್ಲದೆ ಹೊರಡಬೇಡಿ ಮಾರಾಯ್ರೆ, ಕೈಮುಗಿದು ಹೇಳ್ತೇನೆ.

ನಟ್ಟು_ಬೋಲ್ಟು

ನಾನು ಟೈರ್ ಅಂಗಡಿ ನಡೆಸ್ತೀನಿ, ಅದಕ್ಕೂ ಮೊದಲು ಗಾಡಿ ಬಿಡಿಭಾಗದ ಫ್ಯಾಕ್ಟರೀಲಿ ಕೆಲಸ ಮಾಡ್ದವನು. ಗೊತ್ತಿರೋದನ್ನ ಹೇಳಿಬಿಡ್ತೀನಿ.

ಮೊದಲು ಕಾನೂನು. ಕೇಂದ್ರದ ರಸ್ತೆ ಸಾರಿಗೆ ಸಚಿವಾಲಯ 2020ರ ಜುಲೈನಲ್ಲಿ ಮೋಟಾರು ವಾಹನ ನಿಯಮಕ್ಕೆ ತಿದ್ದುಪಡಿ ತಂತು, ಅದೇ ವರ್ಷ ಅಕ್ಟೋಬರ್ 1ರಿಂದ ಜಾರಿ. ಟ್ಯೂಬ್‌ಲೆಸ್ ಟೈರು, ಗಾಳಿ ಕಮ್ಮಿಯಾದ್ರೆ ಹೇಳೋ ಟಿಪಿಎಂಎಸ್, ಜೊತೆಗೆ ರಿಪೇರಿ ಕಿಟ್ ಇದ್ರೆ ಪ್ರಯಾಣಿಕರ ಕಾರುಗಳಿಗೆ ಸ್ಟೆಪ್ನಿ ಕಡ್ಡಾಯ ಅಲ್ಲ. ಆಗ ಕೊಟ್ಟ ಕಾರಣದಲ್ಲಿ ಜಾಗ ಉಳಿಯುತ್ತೆ, ಇವಿಗಳಿಗೆ ದೊಡ್ಡ ಬ್ಯಾಟರಿ ಕೂರಿಸ್ಬಹುದು ಅನ್ನೋದೂ ಇತ್ತು. ಅಂದ್ರೆ ಕಂಪನಿಗಳು ಮಾಡ್ತಿರೋದು ಕಾನೂನುಬಾಹಿರ ಅಲ್ಲ. ಆದ್ರೆ ನಿಯಮ ಹೇಳಿರೋದು "ಕೊಡದೇ ಇರಬಹುದು" ಅಂತ, "ಕೊಡಬೇಡಿ" ಅಂತ ಅಲ್ಲ. ಇದನ್ನ ಶೋರೂಮಲ್ಲಿ ಸರ್ಕಾರನೇ ಬೇಡ ಅಂದಿದೆ ಅನ್ನೋ ಹಾಗೆ ಹೇಳ್ತಾರೆ, ಅದು ನನಗೆ ಸರಿ ಕಾಣಲ್ಲ.

ಇನ್ನು ಸೀಲೆಂಟು. ಅದು ಕೆಲಸ ಮಾಡೋದು ನೆಲಕ್ಕೆ ತಾಗೋ ಭಾಗದಲ್ಲಿ ಆದ ಚಿಕ್ಕ ತೂತಿಗೆ, ಹೆಚ್ಚಂದ್ರೆ ಐದಾರು ಮಿಲಿಮೀಟರ್. ಸೈಡ್‌ವಾಲ್ ಸೀಳಿಗೆ, ಗುಂಡಿಗೆ ಬಿದ್ದು ಬಗ್ಗಿದ ರಿಮ್ಮಿಗೆ, ಪಕ್ಕ ಉಬ್ಬಿ ಬಲ್ಜ್ ಬಂದ ಟೈರಿಗೆ ಅದು ಏನೂ ಮಾಡಲ್ಲ. ಸೈಡ್‌ವಾಲ್ ಸದಾ ಬಾಗಿ ಏಳ್ತಾ ಇರೋ ಜಾಗ, ಅಲ್ಲಿ ಪ್ಯಾಚ್ ನಿಲ್ಲಲ್ಲ, ನಾವು ಅಂಗಡಿಯವರೂ ಅದನ್ನ ಮುಟ್ಟಲ್ಲ, ಟೈರೇ ಬದಲಾಯಿಸ್ಬೇಕು. ಮೂಡಿಗೆರೆಯವರು ಎಲ್ಲಾ ಸರಿಯಾಗೇ ಮಾಡಿದ್ದಾರೆ, ಆ ಗಾಯಕ್ಕೆ ಆ ಔಷಧಿ ಅಲ್ಲ. ಬಾಟ್ಲಿಗೆ ಎಕ್ಸ್‌ಪೈರಿ ದಿನಾಂಕನೂ ಇರುತ್ತೆ, ಹೋಗಿ ನೋಡಿ. ಒಂದ್ಸಲ ಹಾಕಿದ ಮೇಲೆ 80 ಕಿ.ಮೀ ವೇಗದ ಒಳಗೆ ಓಡಿಸಿ ಆದಷ್ಟು ಬೇಗ ಅಂಗಡಿಗೆ ಬನ್ನಿ, ಬಂದ ತಕ್ಷಣ "ಒಳಗೆ ಸೀಲೆಂಟ್ ಇದೆ" ಅಂತ ಹೇಳಿ. ಹೇಳ್ದೇ ಇದ್ರೆ ಟೈರ್ ಕಳಚೋ ಹುಡುಗನ ಮೈಮೇಲೆಲ್ಲಾ ಚೆಲ್ಲುತ್ತೆ, ಸೆನ್ಸರೂ ತೊಳೀಬೇಕಾಗುತ್ತೆ.

ತೂಕ ಕಮ್ಮಿ ಆಗಿ ಮೈಲೇಜ್ ಬರುತ್ತೆ ಅಂತಾರಲ್ಲ, 16 ಇಂಚಿನ ಸ್ಟೀಲ್ ರಿಮ್ಮು ಟೈರು ಸೇರಿ 18 ಕೆಜಿ ಆಸುಪಾಸು. 1200 ಕೆಜಿ ಕಾರಿಗೆ ಅದು ನೂರಕ್ಕೆ ಒಂದೂವರೆ. ಹಿಂದಿನ ಸೀಟಲ್ಲಿ ಒಂದು ಮಗು ಕೂತಷ್ಟು. ಆ ಕಾರಣಕ್ಕೆ ತೆಗೆದ್ವಿ ಅಂದ್ರೆ ನಾನು ಒಪ್ಪಲ್ಲ.

ಗದಗ_ಮಂದಿ

ನಮ್ಮ ಕಡೀ ಕಥಿ ಬ್ಯಾರೆ ಐತ್ರಿ. ಹೊಲದ ದಾರ್‍ಯಾಗ ಜಾಲಿ ಮುಳ್ಳು ಬಾಳ. ಒಂದ ಸಲ ಹೋಗಿ ಬಂದ್ರ ಎರಡ ಗಾಲಿಗೆ ಮುಳ್ಳು ನಟ್ಟಿರ್ತಾವ, ಸ್ಟೆಪ್ನಿ ಇರೂದ ಒಂದು, ಎರಡನೇದಕ್ಕ ಏನ್ ಮಾಡ್ತೀರಿ? ಅದಕ್ಕ ನಾ ಸ್ಟೆಪ್ನಿ ಜೋಡಿ ದಬ್ಬಳ, ಹುರಿ, ಒಂದ ಸಣ್ಣ ಕಂಪ್ರೆಸರ್ ಇಟ್ಟೇನ್ರಿ. ಮುಳ್ಳು ಕೀಳೂದು, ತೂತಿನ್ಯಾಗ ದಬ್ಬಳ ಎರಡ ಮೂರ ಸಲ ಆಡಿಸಿ ಅಗಲ ಮಾಡೂದು, ಹುರಿಗೆ ಗಮ್ ಹಚ್ಚಿ ಒಳಗ ಒತ್ತಿ ಝಟ್ ಅಂತ ಎಳೀಬೇಕು, ಹುರಿ ಅಲ್ಲೇ ಕುಂದರತೈತಿ, ಹೊರಗ ಉಳಿದದ್ದು ಬ್ಲೇಡ್‌ಲೆ ಕತ್ತರಸೂದು. ಹತ್ತ ನಿಮಿಷದ ಕೆಲಸ, ಗಾಲಿ ಬಿಚ್ಚೂದು ಬ್ಯಾಡ. ಕಂಪನಿಯವ್ರು ಕೊಡೂ ಬಾಟ್ಲಿಕಿಂತ ಈ ಹುರಿ ನೂರ ಪಟ್ಟು ಚಲೋ ಅಂತ ನನ್ನ ಅನುಭವ.

ನಟ್ಟು_ಬೋಲ್ಟು

ಗದಗದವರು ಹೇಳಿದ್ದು ನೂರಕ್ಕೆ ನೂರು ಸರಿ. ಹುರಿ ಹಾಕಿದ ಮೇಲೆ ಎಂಜಲು ಹಚ್ಚಿ ನೋಡಿ, ಗುಳ್ಳೆ ಬಂದ್ರೆ ಇನ್ನೊಂದು ಹುರಿ. ದೂರದ ಹೈವೇ ಪ್ರಯಾಣ ಇದ್ರೆ ಆಮೇಲೆ ಒಳಗಿಂದ ಮಶ್ರೂಮ್ ಪ್ಯಾಚ್ ಹಾಕಿಸ್ಕೊಳ್ಳಿ.

ಒಬ್ಬಳೇ_ಚಾಲಕಿ

ನಾನು ಇದುವರೆಗೂ ಯಾರೂ ಹೇಳದ ಒಂದು ವಿಷಯ ಹೇಳ್ತೀನಿ. ವಾರಕ್ಕೊಮ್ಮೆ ಬೆಂಗಳೂರು ಮೈಸೂರು ಒಬ್ಬಳೇ ಓಡಾಡ್ತೀನಿ. ಒಂದು ಸಂಜೆ ಮದ್ದೂರು ದಾಟಿದ ಮೇಲೆ ಪಂಚರ್ ಆಯ್ತು, ಸ್ಟೆಪ್ನಿ ಇತ್ತು, ಜಾಕಿ ಇತ್ತು, ಎಲ್ಲಾ ಇತ್ತು. ನಟ್ ಬಿಚ್ಚೋಕೇ ಆಗ್ಲಿಲ್ಲ. ಟೈರ್ ಅಂಗಡಿಯಲ್ಲಿ ಗಾಳಿ ಗನ್ನಲ್ಲಿ ಟರ್ರ್ ಅಂತ ಬಿಗಿದಿದ್ರು, ಎರಡೂ ಕೈಯಲ್ಲಿ ಎಳೆದೆ, ಸ್ಪ್ಯಾನರ್ ಮೇಲೆ ಹತ್ತಿ ನಿಂತೆ, ಅಲುಗ್ಲಿಲ್ಲ. ಪಕ್ಕದಲ್ಲಿ ಗಾಡಿಗಳು ನೂರರಲ್ಲಿ ಹೋಗ್ತಿವೆ, ಕತ್ತಲಾಗ್ತಿದೆ, ಆ ಭಯ ಹೇಳೋಕಾಗಲ್ಲ. ಕೊನೆಗೆ 1033ಕ್ಕೆ ಫೋನ್ ಮಾಡಿದೆ, ಹೈವೇ ಗಸ್ತು ಗಾಡಿಯವರು ಬಂದು ಅವರೂ ಇಬ್ಬರು ಸೇರಿ ಬಿಚ್ಚಿದ್ರು.

ಹಂಗಾಗಿ ನನ್ನಂಥವರಿಗೆ ಕಂಪ್ರೆಸರ್ ದೊಡ್ಡ ಆಸರೆ. ಮೊಳೆ ಪಂಚರ್ ಆದ್ರೆ ಗಾಳಿ ತುಂಬಿ ಬಾಗಿಲು ಲಾಕ್ ಮಾಡ್ಕೊಂಡು ಬೆಳಕಿರೋ ಪೆಟ್ರೋಲ್ ಬಂಕ್ ತನಕ ಹೋಗ್ಬಹುದು. ಆದ್ರೆ ಸ್ಟೆಪ್ನಿ ಬೇಡ ಅಂತ ನಾನೂ ಹೇಳಲ್ಲ. ಆ ಕಾರಿನ ಬೆಲೆಗೆ ಎರಡೂ ಕೊಡೋಕೆ ಏನ್ ಕಷ್ಟ?

ಹಳದಿ_ಬೋರ್ಡ್

ಅಕ್ಕ, ಟೈರ್ ಅಂಗಡಿಗೆ ಹೋದಾಗ ಗನ್ ಬೇಡ, ಕೈಯಲ್ಲೇ ಬಿಗೀರಿ ಅಂತ ನಿಂತು ಹೇಳಿ, ನಾನು ಹಾಗೇ ಮಾಡಿಸೋದು. ಇನ್ನೊಂದು, ಗಾಡಿ ಜತೆ ಬರೋ ಎಲ್ ಸ್ಪ್ಯಾನರ್ ತುಂಬಾ ಗಿಡ್ಡ. ಪ್ಲಸ್ ಆಕಾರದ ಸ್ಪ್ಯಾನರ್ ಒಂದು ತಗೊಂಡು ಇಡಿ, ಎರಡೂ ಕಡೆ ಹಿಡಿದು ತಿರುಗಿಸ್ಬಹುದು. ನಟ್ ಸಡಿಲ ಮಾಡೋದು ಗಾಡಿ ಎತ್ತೋ ಮೊದಲು, ವೀಲ್ ನೆಲದ ಮೇಲೆ ಇದ್ದಾಗಲೇ. ಎತ್ತಿದ ಮೇಲೆ ಎಳೆದ್ರೆ ಗಾಡಿ ಜಾಕಿಯಿಂದ ಜಾರುತ್ತೆ.

ನಟ್ಟು_ಬೋಲ್ಟು

ನಿಜ. ಹೆಚ್ಚಿನ ಕಾರಿಗೆ ನಟ್ ಬಿಗಿತ 100 ನ್ಯೂಟನ್ ಮೀಟರ್ ಸುತ್ತಮುತ್ತ ಸಾಕು, ನಿಮ್ಮ ಗಾಡಿ ಪುಸ್ತಕದಲ್ಲಿ ಸರಿಯಾದ ಅಂಕಿ ಇರುತ್ತೆ. ಗನ್ನಲ್ಲಿ ಅದರ ಎರಡರಷ್ಟು ಬಿಗಿಯೋದು ನಾನೇ ಕಣ್ಣಾರೆ ನೋಡಿದ್ದೀನಿ. ನಮ್ಮ ಅಂಗಡಿಯಲ್ಲಿ ಟಾರ್ಕ್ ರೆಂಚ್ ಇಲ್ದೆ ಗಾಡಿ ಹೊರಗೆ ಬಿಡಲ್ಲ.

ಪದಗಳ_ಹುಚ್ಚು

ಚರ್ಚೆ ಮಧ್ಯೆ ಒಂದು ಚಿಕ್ಕ ವಿಷಯ, ಈ ಸ್ಟೆಪ್ನಿ ಅನ್ನೋ ಪದ ಎಲ್ಲಿಂದ ಬಂತು ಅಂತ ಯಾರಿಗಾದ್ರೂ ಕುತೂಹಲ ಇದ್ರೆ. ಮೊದಮೊದಲ ಕಾರುಗಳಲ್ಲಿ ಬಿಡಿ ಚಕ್ರನೇ ಇರ್ಲಿಲ್ಲ, ಪಂಚರ್ ಆದ್ರೆ ರೋಡಲ್ಲೇ ಟೈರ್ ಕಿತ್ತು ಟ್ಯೂಬಿಗೆ ತೇಪೆ ಹಾಕ್ಬೇಕಿತ್ತು. 1904ರಲ್ಲಿ ವೇಲ್ಸ್‌ನ ಲನೆಲ್ಲಿ ಅನ್ನೋ ಊರಲ್ಲಿ ಥಾಮಸ್ ಮಾರಿಸ್ ಡೇವಿಸ್ ಅನ್ನೋರು ಕಡ್ಡಿಗಳಿಲ್ಲದ ಒಂದು ರಿಮ್ಮಿಗೆ ಗಾಳಿ ತುಂಬಿದ ಟೈರ್ ಹಾಕಿ, ಅದನ್ನ ಪಂಚರ್ ಆದ ಚಕ್ರದ ಪಕ್ಕಕ್ಕೆ ಕ್ಲಾಂಪ್ ಮಾಡೋ ಉಪಾಯ ಕಂಡುಹಿಡಿದ್ರು. ಅವರ ಅಂಗಡಿ ಇದ್ದಿದ್ದು ಸ್ಟೆಪ್ನಿ ಸ್ಟ್ರೀಟಲ್ಲಿ, ಅದಕ್ಕೇ ಆ ಹೆಸರು. ಆ ಕಂಪನಿನೂ ಹೋಯ್ತು, ಇಂಗ್ಲಿಷರೂ ಆ ಪದ ಮರೆತ್ರು, ನಾವು ಮಾತ್ರ ಹಳ್ಳಿಯ ಟ್ರ್ಯಾಕ್ಟರ್ ಡ್ರೈವರಿಂದ ಹಿಡಿದು ಎಲ್ಲರೂ ಸ್ಟೆಪ್ನಿ ಅಂತಲೇ ಅಂತೀವಿ.

ಮ್ಯೂನಿಕ್_ಕನ್ನಡಿಗ

ಇಲ್ಲಿ ಜರ್ಮನಿಯಲ್ಲಿ ನನ್ನ ಕಾರಿಗೂ ಸ್ಟೆಪ್ನಿ ಇಲ್ಲ, ನನಗೆ ಅದರ ಕೊರತೆ ಕಂಡಿಲ್ಲ. ಆದ್ರೆ ಯಾಕೆ ಅಂತ ನೋಡ್ಬೇಕು. ಇಲ್ಲಿ ಎಡಿಎಸಿ ಅನ್ನೋ ವಾಹನ ಸವಾರರ ಕ್ಲಬ್ ಇದೆ, 1903ರಲ್ಲಿ ಶುರುವಾಗಿದ್ದು, 2 ಕೋಟಿಗೂ ಹೆಚ್ಚು ಸದಸ್ಯರು. ಫೋನ್ ಮಾಡಿದ್ರೆ ಹಳದಿ ಗಾಡಿ ಬರುತ್ತೆ, ಬಂದೇ ಬರುತ್ತೆ. ಆ ನಂಬಿಕೆ ಮೇಲೆ ಇಲ್ಲಿ ಸ್ಟೆಪ್ನಿ ತೆಗೆದಿದ್ದಾರೆ. ಊರಿಗೆ ಬಂದಾಗ ಹೊಸನಗರದ ನಮ್ಮ ಮನೆಗೆ ಹೋಗೋ ದಾರಿ ನೆನೆಸ್ಕೊಂಡ್ರೆ, ಅಲ್ಲಿ ಆ ಹಳದಿ ಗಾಡಿ ಎಲ್ಲಿದೆ? ಇಲ್ಲಿನ ಗಾಡಿ ತಗೊಂಡು ಹೋಗಿ ಅಲ್ಲಿ ಮಾರೋವಾಗ ಇಲ್ಲಿನ ವ್ಯವಸ್ಥೆನೂ ಜೊತೆಗೆ ಹೋಗಲ್ಲ ಅನ್ನೋದನ್ನ ಯೋಚನೆ ಮಾಡ್ಬೇಕಿತ್ತು. ಅಮೆರಿಕದಲ್ಲೂ ಇದೇ ದೂರು ಇದೆ, 2015ರ ಮಾಡೆಲ್‌ಗಳಲ್ಲಿ ಮೂರನೇ ಒಂದು ಭಾಗಕ್ಕೂ ಹೆಚ್ಚು ಗಾಡಿಗಳಿಗೆ ಸ್ಟೆಪ್ನಿ ಇಲ್ಲ ಅಂತ ಅಲ್ಲಿನ ವಾಹನ ಸವಾರರ ಸಂಸ್ಥೆ ಎಎಎನೇ ಆಕ್ಷೇಪ ಎತ್ತಿತ್ತು.

ವೈಟ್‌ಫೀಲ್ಡ್_ನಿವಾಸಿ

ಮ್ಯೂನಿಕ್ ಅವರ ಮಾತು ಓದಿ ನಾನು ಸ್ವಲ್ಪ ಯೋಚನೆ ಮಾಡಿದೆ. ನಾನು ಹೇಳಿದ್ದು ಸಿಟಿ ಲೆಕ್ಕ, ಆದ್ರೆ ಅದೇ ಕಾರಲ್ಲಿ ತಾನೇ ನಾವು ವರ್ಷಕ್ಕೆ ಎರಡು ಸಲ ಊರಿಗೆ ಹೋಗೋದು, ಮಕ್ಕಳನ್ನ ಕರ್ಕೊಂಡು ಬಂಡೀಪುರ ದಾಟೋದು. ಅಲ್ಲಿ ರಾತ್ರಿ ಒಂಬತ್ತಕ್ಕೆ ಗೇಟ್ ಹಾಕ್ತಾರೆ, ಅದಕ್ಕೆ ಹತ್ತು ನಿಮಿಷ ಮುಂಚೆ ಕಾಡೊಳಗೆ ಟೈರ್ ಸೀಳಿದ್ರೆ ಏನ್ ಗತಿ. ಸಿಟಿಗೊಂದು ಕಾರು ಊರಿಗೊಂದು ಕಾರು ಅಂತ ಯಾರ ಹತ್ರ ಇರುತ್ತೆ. ಕಡ್ಡಾಯ ಅನ್ನೋದಕ್ಕೆ ನಾನು ಈಗಲೂ ಒಪ್ಪಲ್ಲ, ಆದ್ರೆ ಕೇಳಿದೋರಿಗೆ ದುಡ್ಡು ತಗೊಂಡಾದ್ರೂ ಕೊಡ್ಬೇಕು, ಇಡೋಕೆ ಗುಳಿ ಬಿಟ್ಟಿರ್ಬೇಕು.

ಸಿಎನ್‌ಜಿ_ಸವಾರ

ಸಿಎನ್‌ಜಿ ಗ್ಯಾಸ್ ಸಿಲಿಂಡರ್ ಇರೋರ ಕಷ್ಟನೂ ಸೇರಿಸ್ಕೊಳ್ಳಿ. ನನ್ನ ಗಾಡಿಗೆ ಆಮೇಲೆ ಸಿಎನ್‌ಜಿ ಕಿಟ್ ಹಾಕಿಸಿದ್ದು, ಸ್ಟೆಪ್ನಿ ಇರೋ ಗುಳಿ ಮೇಲೇನೇ ಸಿಲಿಂಡರ್ ಕೂತಿದೆ, ಸ್ಟೆಪ್ನಿ ಇದ್ದೂ ಇಲ್ಲದ ಹಾಗೆ. 2023ರಲ್ಲಿ ಟಾಟಾದವರು ಆಲ್ಟ್ರೋಜ್‌ಗೆ ಒಂದು ದೊಡ್ಡ ಸಿಲಿಂಡರ್ ಬದಲು ಎರಡು ಚಿಕ್ಕದು ಹಾಕಿ, ಸ್ಟೆಪ್ನಿನ ಗಾಡಿ ಕೆಳಗೆ ಕೂರಿಸಿದ್ರು. ಅಂದ್ರೆ ಮನಸ್ಸಿದ್ರೆ ಜಾಗ ಸಿಗುತ್ತೆ.

ಮೂಡಿಗೆರೆ_ಮಳೆ

ಇಷ್ಟು ಜನ ಬರೆದಿದ್ದಕ್ಕೆ ತುಂಬಾ ಥ್ಯಾಂಕ್ಸ್. ನಟ್ಟು ಬೋಲ್ಟು ಅವರೇ, ನಾನೇ ಒಂದು ಸ್ಟೆಪ್ನಿ ಮಾಡಿಸ್ಕೋಬೇಕು ಅಂದ್ರೆ ಏನೇನು ನೋಡ್ಬೇಕು? ಡಿಕ್ಕಿಯಲ್ಲಿ ಮಲಗಿಸಿ ಇಟ್ರೂ ಪರ್ವಾಗಿಲ್ಲ, ಲಗೇಜ್ ಕಮ್ಮಿ ಮಾಡ್ತೀವಿ.

ನಟ್ಟು_ಬೋಲ್ಟು

ನಟ್ ಎಷ್ಟಿವೆ, ಅವು ಕೂತಿರೋ ವೃತ್ತದ ವ್ಯಾಸ ಅಂದ್ರೆ ಪಿಸಿಡಿ, ಮಧ್ಯದ ತೂತು, ರಿಮ್ಮಿನ ನಡುಗೆರೆಯಿಂದ ನಟ್ ಕೂರೋ ಮುಖ ಎಷ್ಟು ದೂರ ಅನ್ನೋ ಆಫ್‌ಸೆಟ್, ಈ ನಾಲ್ಕೂ ಹೊಂದಬೇಕು. ಬ್ರೇಕ್ ಕ್ಯಾಲಿಪರ್‌ಗೆ ರಿಮ್ ತಾಗಬಾರದು, ಅದನ್ನ ಕಾಗದದ ಮೇಲೆ ನೋಡಿದ್ರೆ ಸಾಲದು, ಹಾಕಿ ಕೈಯಲ್ಲಿ ತಿರುಗಿಸಿ ನೋಡಿ. ಚಿಕ್ಕ ರಿಮ್ ಹಾಕೋದಾದ್ರೆ ಟೈರಿನ ಎತ್ತರ ಜಾಸ್ತಿ ಇರೋದು ತಗೊಂಡು ಒಟ್ಟು ವ್ಯಾಸ ಬೇರೆ ವೀಲಿಗೆ ಆದಷ್ಟು ಹತ್ತಿರ ಬರೋ ಹಾಗೆ ಮಾಡಿ, ಇಲ್ದಿದ್ರೆ ಎಬಿಎಸ್ಸು, ಸ್ಟೆಬಿಲಿಟಿ ಕಂಟ್ರೋಲು ಗಲಿಬಿಲಿ ಆಗುತ್ತೆ. ಟೈರ್ ಎಷ್ಟು ತೂಕ ಹೊರುತ್ತೆ ಅನ್ನೋದು ಇವಿಗೆ ಮುಖ್ಯ, ಬ್ಯಾಟರಿ ಭಾರ ಇದೆ, ಲೋಡ್ ಇಂಡೆಕ್ಸ್ ಕಮ್ಮಿ ಇರೋದು ಹಾಕ್ಬೇಡಿ. ಸೈಕಲ್ ಚಕ್ರದ ಥರ ಸಪೂರ ಇರುತ್ತಲ್ಲ ಸ್ಪೇಸ್ ಸೇವರ್, ಅದಕ್ಕೆ 60 ಪಿಎಸ್‌ಐ ಗಾಳಿ ಬೇಕು, 80ಕ್ಕಿಂತ ಜೋರಾಗಿ ಹೋಗಂಗಿಲ್ಲ. ಹಳೇ ಟೈರ್ ತಗೊಂಡ್ರೆ ಸೈಡ್‌ವಾಲಲ್ಲಿ DOT ಅಂತ ಶುರುವಾಗೋ ಅಕ್ಷರಗಳ ಕೊನೇಲಿರೋ ನಾಲ್ಕು ಅಂಕಿ ಓದಿ, 2318 ಅಂದ್ರೆ 2018ರ 23ನೇ ವಾರ ತಯಾರಾಗಿದ್ದು.

ಜಾಕಿ ಇಡೋ ಜಾಗದ ಬಗ್ಗೆ ತುಂಬಾ ಹುಷಾರು. ಇವಿಯಲ್ಲಿ ತಳದ ತುಂಬಾ ಬ್ಯಾಟರಿ, ತಪ್ಪು ಜಾಗಕ್ಕೆ ಜಾಕಿ ಕೊಟ್ರೆ ಕೇಸಿಂಗ್ ಒತ್ತಿ ಹೋಗುತ್ತೆ. ಪುಸ್ತಕದಲ್ಲಿ ತೋರಿಸಿರೋ ನಾಲ್ಕು ಪಾಯಿಂಟ್ ಬಿಟ್ಟು ಬೇರೆಲ್ಲೂ ಬೇಡ. ವೀಲ್ ಡಿಕ್ಕಿಯಲ್ಲಿ ಸುಮ್ಮನೆ ಇಡ್ಬೇಡಿ, ಬೆಲ್ಟ್ ಹಾಕಿ ಕೊಂಡಿಗೆ ಕಟ್ಟಿ, ಜೋರಾಗಿ ಬ್ರೇಕ್ ಹಾಕಿದ್ರೆ 18 ಕೆಜಿ ಹಿಂದಿನ ಸೀಟಿಗೆ ಬಂದು ಗುದ್ದುತ್ತೆ.

ಮೂಡಿಗೆರೆ_ಮಳೆ

ಹನ್ನೆರಡು ದಿನ ಆದ್ಮೇಲೆ ಬರೀತಿದ್ದೀನಿ. ಹಾಸನದಲ್ಲಿ ಹೊಂದೋ ಸ್ಟೀಲ್ ರಿಮ್ ಸಿಕ್ತು, ಹೊಸ ಟೈರ್ ಹಾಕಿಸಿದೆ, ಹಿಂದೆ ಮುಂದೆ ಎರಡೂ ಕಡೆ ಹಾಕಿ ತಿರುಗಿಸಿ ನೋಡಿದ್ವಿ, ಎಲ್ಲೂ ತಾಗಲ್ಲ. ಸ್ಟೆಪ್ನಿಗೆ, ಜಾಕಿಗೆ, ಪ್ಲಸ್ ಸ್ಪ್ಯಾನರಿಗೆ ಎಲ್ಲಾ ಸೇರಿ ಖರ್ಚಾಗಿದ್ದು ಆ ಕಾರಿಗೆ ಕೊಟ್ಟ ದುಡ್ಡಲ್ಲಿ ನೂರಕ್ಕೆ ಒಂದು ಭಾಗನೂ ಅಲ್ಲ. ಕಂಪನಿಗೂ ಇಮೇಲ್ ಬರೆದಿದ್ದೀನಿ, ದುಡ್ಡು ಕೇಳ್ಲಿಲ್ಲ, ಬುಕಿಂಗ್ ಫಾರ್ಮಲ್ಲಿ ಸ್ಟೆಪ್ನಿ ಇಲ್ಲ ಅಂತ ದಪ್ಪ ಅಕ್ಷರದಲ್ಲಿ ಹಾಕಿ ಅಂತ ಮಾತ್ರ ಕೇಳಿದ್ದೀನಿ. ಉತ್ತರ ಬಂದ್ರೆ ಇಲ್ಲೇ ಹಾಕ್ತೀನಿ.

ನಿನ್ನೆ ಮಳೆ ನಿಂತ ಮೇಲೆ ಅಂಗಳದಲ್ಲಿ ಒಂದ್ಸಲ ಬದಲಾಯಿಸಿ ನೋಡಿದ್ವಿ. ನಟ್ ಸಡಿಲ ಮಾಡಿದೆ, ಜಾಕಿ ತಿರುಗಿಸಿದ್ರೆ ಗಾಡಿ ಏಳ್ತಾನೇ ಇಲ್ಲ, ಬಗ್ಗಿ ನೋಡಿದ್ರೆ ಜಾಕಿನೇ ಒದ್ದೆ ಮಣ್ಣಲ್ಲಿ ನಾಲ್ಕು ಬೆರಳು ಇಳಿದಿದೆ. ಅಪ್ಪ ಕೊಟ್ಟಿಗೆಯಿಂದ ಒಂದು ಅಡಿ ಉದ್ದದ ಹಲಸಿನ ಹಲಗೆ ತುಂಡು ತಂದು ಅದರ ಕೆಳಗೆ ಇಟ್ರು, ಆಮೇಲೆ ಸಲೀಸಾಗಿ ಎದ್ದಿತು. ಶುರುವಿಂದ ಕೊನೇ ತನಕ ಇಪ್ಪತ್ತೇಳು ನಿಮಿಷ. ಆ ಹಲಗೆನೂ ಈಗ ಡಿಕ್ಕಿಯಲ್ಲಿದೆ, ಘಾಟಿ ಕಡೆಯವರು ಒಂದು ಇಟ್ಕೊಳ್ಳಿ.